ಅಯ್ಯಾವೊಳೆಯ ಐನೂರ್ವರು



ವಣಿಜನ ಕರ್ಮವೇ ವಾಣಿಜ್ಯ. ಆ ವಣಿಜ ಶಬ್ದವೇ ಕನ್ನಡದಲ್ಲಿ ಬಣಂಜು, ಬಣಜಿಗ ಎಂದಾಯಿತು. ಕೊಂಡದ್ದನ್ನು ಮಾರಿ ಲಾಭ ಎಣಿಸುವುದಷ್ಟೇ ವ್ಯಾಪಾರವೆಂದು ಲೋಕ ತಿಳಿಯುತ್ತದೆ. ಆದರೆ ಈ ನಾಡಿನ ಪೂರ್ವಕಾಲದ ವರ್ತಕರು ಅದನ್ನು 'ವೀರಬಣಂಜು ಧರ್ಮ' ಎಂದು ಕರೆದರು. ವೃತ್ತಿಗೆ ಧರ್ಮವೆಂಬ ಹೆಸರು ಬಂದಾಗ ಕಟ್ಟಳೆ ಬರುತ್ತದೆ. ಕಟ್ಟಳೆಯ ಹಿಂದೆ ಹೊಣೆ ಬರುತ್ತದೆ. ಆ ಹೊಣೆಯನ್ನು ಹೊತ್ತವರ ಚರಿತ್ರೆಯನ್ನು ಈ ದಿನ ಸ್ಮರಿಸೋಣ.

ಮಲಪ್ರಭಾ ತೀರದ ಐಹೊಳೆಯನ್ನು ನೀವೆಲ್ಲರೂ ಬಲ್ಲಿರಿ. ೬೩೪ರಲ್ಲಿ ರವಿಕೀರ್ತಿಯು ಇಮ್ಮಡಿ ಪುಲಕೇಶಿಯ ಕೀರ್ತಿಯನ್ನು ಮೇಗುತಿ ದೇವಾಲಯದಲ್ಲಿ ಬರೆಸಿದ ಸ್ಥಳವದು. ಶಾಸನಗಳಲ್ಲಿ ಅದರ ಹೆಸರು ಅಯ್ಯಾವೊಳೆ. ಅಲ್ಲಿ ಮೂಡಿದ ವರ್ತಕಸಂಘವೇ 'ಐನೂರ್ವರು ಸ್ವಾಮಿಗಳು'. ಹೆಸರು ಐನೂರಾದರೂ ಕಾಲಕ್ರಮದಲ್ಲಿ ಅದು ಎಣಿಕೆಯಾಗಿ ಉಳಿಯದೆ ಬಿರುದಾಯಿತು. ಸ್ವದೇಶಿ, ಪರದೇಶಿ, ನಾನಾದೇಶಿ ಎಂದು ಹಲವು ಊರುಗಳ, ಹಲವು ಮತಗಳ ವರ್ತಕರು ಆ ಒಂದೇ ಹೆಸರಿನಡಿಯಲ್ಲಿ ಸೇರಿದರು.

ಶಿಕಾರಿಪುರ ಸೀಮೆಯ ಹನ್ನೊಂದನೆಯ ಶತಮಾನದ ಶಾಸನವೊಂದು ಇವರನ್ನು ಬಹುವಾಗಿ ವರ್ಣಿಸುತ್ತದೆ. ನೆಲದ ದಾರಿ, ನೀರಿನ ದಾರಿ ಎರಡರಲ್ಲೂ ಸಂಚರಿಸಿ ಆನೆ, ಕುದುರೆ, ರತ್ನ, ಮುತ್ತು, ಏಲಕ್ಕಿ, ಲವಂಗ, ಶ್ರೀಗಂಧ, ಕರ್ಪೂರ, ಕಸ್ತೂರಿಗಳನ್ನು ಇವರು ಮಾರುತ್ತಿದ್ದರಂತೆ. ಸಗಟಾಗಿ ಮಾರುವವನೂ, ಹೆಗಲ ಮೇಲೆ ಹೊತ್ತು ತಿರುಗಿ ಮಾರುವವನೂ ಸಂಘದೊಳಗೇ ಇದ್ದರು. ಇದೇ ಸಂಘದ ತಮಿಳು ಶಾಸನವೊಂದು ಸಮುದ್ರದಾಚೆಯ ಸುಮಾತ್ರಾ ದ್ವೀಪದಲ್ಲಿ, ಬಾರೂಸಿನ ಸಮೀಪ ದೊರೆತಿದೆ. ಅದರ ಕಾಲ ೧೦೮೮. ಕಾಡುದಾರಿಯ ಕಳ್ಳರ ಭಯಕ್ಕಾಗಿ ಇವರು ಆಯುಧಧಾರಿ ಕಾವಲಿನವರನ್ನೂ ಇಟ್ಟುಕೊಂಡಿದ್ದರು. 'ವೀರ' ಎಂಬ ವಿಶೇಷಣ ಬರಿಯ ಅಲಂಕಾರವಲ್ಲ.

ಇಷ್ಟು ಗಳಿಸಿದವರು ಊರಿಗೆ ಕೊಟ್ಟದ್ದೇನು? ಇಲ್ಲಿಯೇ ನಾವು ಮನವಿಡಬೇಕು. ಸಂಘವು ಸಭೆ ಸೇರಿ, ಪಟ್ಟಣಸ್ವಾಮಿಯ ಹಾಗೂ ಊರಿನ ಪ್ರಮುಖರ ಸಮಕ್ಷಮದಲ್ಲಿ ತಮ್ಮ ಸರಕಿನ ಮೇಲೆ ತಾವೇ ಆಯವನ್ನು ವಿಧಿಸಿಕೊಳ್ಳುತ್ತಿತ್ತು. ಅಡಕೆಯ ಹೇರಿಗೆ ಇಷ್ಟು, ಎಲೆಯ ಹೇರಿಗೆ ಇಷ್ಟು, ಗಾಣಕ್ಕೆ ಇಷ್ಟು ಸೊಲ್ಲಗೆ ಎಣ್ಣೆ ಎಂದು ನಿರ್ಣಯವಾಗುತ್ತಿತ್ತು. ವೀಸ, ಹಾಗಗಳಂಥ ಅಲ್ಪ ನಾಣ್ಯಗಳ ಲೆಕ್ಕವದು. ಅರಸನ ಸುಂಕ ಬೇರೆ, ಇದು ಬೇರೆ. ಆ ಅಲ್ಪಾಯದಿಂದ ದೇಗುಲದ ದೀಪ ಉರಿಯಿತು, ಬಸದಿಯ ಪೂಜೆ ನಡೆಯಿತು, ಕೆರೆಯ ದುರಸ್ತಿಯಾಯಿತು, ತಪಸ್ವಿಗಳಿಗೆ ಅನ್ನ ದೊರೆಯಿತು. ಶಿವಾಲಯಕ್ಕೂ ವಿಷ್ಣುಗೃಹಕ್ಕೂ ಜಿನಾಲಯಕ್ಕೂ ಇವರ ದತ್ತಿಗಳಿವೆ. ಮಾತು ಮುಂದೆ ತಪ್ಪಬಾರದೆಂದು ಅದನ್ನು ಕಲ್ಲಿನಲ್ಲಿ ಕೊರೆಯಿಸಿದರು. ಅಳಿದವರಿಗೆ ಮಹಾಪಾತಕವೆಂಬ ಶಾಪವಾಕ್ಯವನ್ನೂ ಸೇರಿಸಿದರು.

ಒಬ್ಬ ಧನಿಕನು ಒಮ್ಮೆ ಕೊಡುವ ದೊಡ್ಡ ದಾನ ಒಳ್ಳೆಯದೇ. ಆದರೆ ಆತ ಕಾಲವಾದರೆ ಅದು ನಿಲ್ಲಬಹುದು. ಹೇರಿಗೊಂದು ವೀಸ ಹಾಗಲ್ಲ. ಪೇಟೆ ನಡೆಯುವವರೆಗೂ ಅದು ಬರುತ್ತಲೇ ಇರುತ್ತದೆ. ಪೇಟೆ ಬೆಳೆದಷ್ಟೂ ಕೆರೆ ತುಂಬುತ್ತದೆ. ಕೆರೆ ತುಂಬಿದಷ್ಟೂ ಬೆಳೆ ಬರುತ್ತದೆ. ಬೆಳೆ ಬಂದಷ್ಟೂ ಪೇಟೆ ಮತ್ತೆ ಬೆಳೆಯುತ್ತದೆ. ಕೊಟ್ಟದ್ದು ಹೀಗೆ ಸುತ್ತಿ ಬರುತ್ತದೆಂಬುದನ್ನು ಅವರು ಅರಿತಿದ್ದರು. ಹದಿನಾಲ್ಕನೆಯ ಶತಮಾನದ ತರುವಾಯ ಐನೂರ್ವರ ಉಲ್ಲೇಖ ಶಾಸನಗಳಲ್ಲಿ ವಿರಳವಾಗುತ್ತ ಹೋಯಿತು. ಸಂಘ ಅಳಿದರೂ ಕಲ್ಲಿನ ಮೇಲಿನ ಮಾತು ಅಳಿಯಲಿಲ್ಲ.

ಇಂದೂ ಊರೂರಿಗೆ ವರ್ತಕರ ಸಂಘಗಳಿವೆ. ತೆರಿಗೆ ಇಳಿಸಿರೆಂದು ಸರಕಾರಕ್ಕೆ ಬಿನ್ನಹ ಮಾಡುವುದು ಅವುಗಳ ಹಕ್ಕು, ಬೇಡವೆನ್ನಲಾರೆವು. ಆದರೆ ಬೇಡುವುದಕ್ಕಾಗಿ ಮಾತ್ರ ಸೇರಿದ ಸಂಘ, ಬೇಡಿದ್ದು ಸಿಕ್ಕಿದ ದಿನ ಚದುರುತ್ತದೆ. ಕೊಡುವುದಕ್ಕಾಗಿಯೂ ಸೇರಿದ ಸಂಘವು ಊರಿನೊಂದಿಗೆ ಬಾಳುತ್ತದೆ. ರೈತನ ಚೀಲದಿಂದ ಬೊಗಸೆ ತೆಗೆದು 'ಇದು ಧರ್ಮಕ್ಕೆ' ಎನ್ನುವುದು ಸುಲಭ. ತನ್ನ ಲಾಭದಿಂದ ತೆಗೆದು ಕೊಡುವುದೇ ಧರ್ಮ; ಶರಣರು ದಾಸೋಹವೆಂದದ್ದೂ ಇಂಥ ಸತ್ಯಶುದ್ಧ ಗಳಿಕೆಯ ವಿನಿಯೋಗವನ್ನೇ.

ಅಂಗಡಿಯ ಗಲ್ಲೆಯ ಮುಂದೆ ಕುಳಿತಾಗ ಆ ಒಂದು ವೀಸ ನಿಮ್ಮ ನೆನಪಿಗೆ ಬರಲಿ. ನಿಮ್ಮ ಊರಿನ ಕೆರೆ, ಶಾಲೆ, ದಾಸೋಹದ ಮನೆ ಯಾರ ವೀಸಕ್ಕಾಗಿ ಕಾದಿವೆಯೆಂದು ನಿಮ್ಮ ನಿಮ್ಮ ಸಭೆಗಳಲ್ಲಿ ವಿಚಾರಿಸಿರಿ. ಸರ್ವರಿಗೂ ಸನ್ಮಂಗಳವಾಗಲಿ.