ಉಡಿ

‘ತಡೀ ಯವ್ವಾ, ಉಡಿ ತುಂಬ್ತೀನಿ.’ ಧಾರವಾಡ, ಬೆಳಗಾವಿ, ಬಾಗಲಕೋಟೆ ಕಡೆಯ ಮನೆಗಳಿಂದ ಹೆಣ್ಣುಮಕ್ಕಳು ಹೊರಟು ನಿಂತರೆ ಈ ಮಾತು ಬಂದೇ ಬರುತ್ತದೆ. ಬಸ್ಸಿಗೆ ಹೊತ್ತಾಗಿರಲಿ, ಬಾಗಿಲಲ್ಲಿ ಕಾರು ಕಾಯುತ್ತಿರಲಿ, ಒಳಗಿನಿಂದ ಅಕ್ಕಿಯ ತಾಟು ಬರುವ ತನಕ ಹೊಸ್ತಿಲು ದಾಟುವಂತಿಲ್ಲ. ಹಣೆಗೆ ಕುಂಕುಮ ಹಚ್ಚಿ, ಸೆರಗು ಒಡ್ಡಿಸಿ, ಐದು ಬೊಗಸೆ ಅಕ್ಕಿ ಸುರಿದು, ಅದರ ಮೇಲೆ ಉತ್ತತ್ತಿ, ಅರಿಷಿಣ ಬೇರು, ಅಡಿಕೆ, ಎಲೆ, ಕೊಬ್ಬರಿ ಬಟ್ಟಲು, ಬೆಲ್ಲದ ತುಣುಕು, ಕೊನೆಗೆ ಒಂದು ಕುಪ್ಪಸದ ಖಣ. ಅದು ಗುಳೇದಗುಡ್ಡದ ಖಣವಾದರೆ ಪಕ್ಕದಲ್ಲಿ ನಿಂತ ಹೆಂಗಸರು ಒಮ್ಮೆ ಮುಟ್ಟಿ ನೋಡುತ್ತಾರೆ. ತುಂಬಿಸಿಕೊಂಡವಳು ಒಂದಿಷ್ಟು ಕಾಳು ತೆಗೆದು ತಿರುಗಿ ತಾಟಿಗೆ ಹಾಕುತ್ತಾಳೆ. ತವರಿನಿಂದ ಎಲ್ಲವನ್ನೂ ಬಳಿದುಕೊಂಡು ಹೋಗಬಾರದು ಎಂಬ ಲೆಕ್ಕ ಅದು.

ನಮ್ಮ ಆಯಿ ಹೋದ ಮೇಲೆ ಈ ಪದದ ಬಗ್ಗೆ ಬಹಳ ಯೋಚಿಸಿದ್ದೇನೆ. ಆಯಿ ಎಂದರೆ ನಮ್ಮ ಕಡೆ ಅಜ್ಜಿ. ಸವದತ್ತಿ ಸೀಮೆಯ ಎರೆಮಣ್ಣಿನ ಊರಿನಲ್ಲಿ ಹುಟ್ಟಿ, ಅಲ್ಲೇ ಸಮೀಪದ ಇನ್ನೊಂದು ಊರಿಗೆ ಸೊಸೆಯಾಗಿ ಬಂದು, ಮಕ್ಕಳು ಮೊಮ್ಮಕ್ಕಳನ್ನು ಸಾಕಿ ಅಲ್ಲೇ ಮಣ್ಣಾದವಳು. ಆಕೆಯ ಬದುಕಿನ ಯಾವ ಕಡೆಗೆ ತಿರುಗಿದರೂ ನನಗೆ ಈ ಪದ ಎದುರಾಗುತ್ತದೆ.

ಉಡು ಎನ್ನುವ ಕ್ರಿಯಾಪದದ ಬಳಗ ದೊಡ್ಡದು. ಉಟ್ಟದ್ದು ಉಡುಗೆ, ಸೊಂಟಕ್ಕೆ ಕಟ್ಟಿದ್ದು ಉಡದಾರ, ಉಡಲಿಕ್ಕೆ ಕೊಟ್ಟು ಗೌರವಿಸಿದ್ದು ಉಡುಗೊರೆ. ಈಗ ಉಡುಗೊರೆ ಗೋಡೆ ಗಡಿಯಾರವೂ ಆಗುತ್ತದೆ, ಮೊಬೈಲ್ ಫೋನೂ ಆಗುತ್ತದೆ, ಆದರೆ ಪದದೊಳಗಿನ ಬಟ್ಟೆ ಹಾಗೇ ಇದೆ. ಉಡಿಯೂ ಇದೇ ಬಳಗದ್ದು. ಉಟ್ಟ ಸೀರೆಯ ಸೆರಗನ್ನು ಮುಂದಕ್ಕೆ ತಂದು ಹಿಡಿದಾಗ ಆಗುವ ಚೀಲ. ಹಳಗನ್ನಡದಲ್ಲಿ ಇನ್ನೊಂದು ‘ಉಡಿ’ ಇದೆ. ಅದು ಮುರಿ ಎನ್ನುವ ಅರ್ಥದ ಕ್ರಿಯಾಪದ. ಕವಿಗಳ ಯುದ್ಧವರ್ಣನೆಗಳಲ್ಲಿ ತೊಡೆಗಳೂ ರಥಗಳೂ ಉಡಿಯುತ್ತವೆ. ಮುರಿಯುವ ಉಡಿ ಗ್ರಂಥದಲ್ಲಿ ಉಳಿಯಿತು, ತುಂಬುವ ಉಡಿ ಹೆಂಗಸರ ಬಾಯಲ್ಲಿ ಉಳಿಯಿತು. ಹೀಗಾದದ್ದು ನನಗೆ ಸಂತೋಷ.

ಹಳೇ ಮೈಸೂರಿನ ಕಡೆ ಇದಕ್ಕೆ ಮಡಿಲು ತುಂಬುವುದು ಎನ್ನುತ್ತಾರೆ. ತುಂಬುವ ಅಕ್ಕಿ ಮಡಿಲಕ್ಕಿ. ತೆಲಂಗಾಣದವರು ಒಡಿ ಬಿಯ್ಯಂ ಎನ್ನುತ್ತಾರೆ, ಮರಾಠಿಯವರು ಓಟಿ ಭರಣೆ ಎನ್ನುತ್ತಾರೆ. ಕನ್ನಡದ ಎರಡು ಪದಗಳಲ್ಲಿ ಮಡಿಲು ಮಾತ್ರ ದೂರ ಹೋಯಿತು. ಸರ್ಕಾರ ಬಡ ಬಾಣಂತಿಯರಿಗೆ ಸಾಮಾನಿನ ಕಿಟ್ ಕೊಡುವ ಯೋಜನೆ ತಂದಾಗ ‘ಮಡಿಲು’ ಎಂದೇ ಹೆಸರಿಟ್ಟಿತು. ಪ್ರವಾಸದ ಜಾಹೀರಾತುಗಳು ನಮ್ಮನ್ನು ‘ಪ್ರಕೃತಿಯ ಮಡಿಲಿಗೆ’ ಕರೆಯುತ್ತವೆ. ಉಡಿಗೆ ಅಂಥ ಭಾಗ್ಯ ಬರಲಿಲ್ಲ. ಅದು ಅಕ್ಕಿ, ಹತ್ತಿ, ಕಾಯಿಪಲ್ಯೆಗಳ ಜೊತೆಗೇ ಉಳಿದುಕೊಂಡಿತು. ಮಡಿಲಲ್ಲಿ ಮಲಗಬಹುದು. ಉಡಿಯಲ್ಲಿ ಏನನ್ನಾದರೂ ಹಾಕಬೇಕು.

ಮಕ್ಕಳನ್ನೂ ಹಾಕುತ್ತಾರೆ. ಮದುವೆ ಮುಗಿದು ಬೀಗರು ಹೊರಟಾಗ ಹೆಣ್ಣಿನ ತಾಯಿ ಅತ್ತೆಯ ಕೈ ಹಿಡಿದು, ‘ನಮ್ಮ ಕೂಸನ್ನ ನಿಮ್ಮ ಉಡಿಯಾಗ ಹಾಕೀವ್ರಿ’ ಎನ್ನುತ್ತಾಳೆ. ಅಷ್ಟು ಹೇಳುವಾಗ ಎಂಥ ಗಟ್ಟಿ ಹೆಂಗಸಿನ ದನಿಯೂ ಒಡೆಯುತ್ತದೆ. ಆಯಿಗೆ ಬಂದ ಸೊಸೆಯರು ಇದನ್ನು ಬರೀ ಮಾತು ಎಂದುಕೊಂಡಿದ್ದರಂತೆ. ನನ್ನ ಅವ್ವ ಹೇಳುವಂತೆ, ಆಕೆ ಬಂದ ಹೊಸತರಲ್ಲಿ ರೊಟ್ಟಿ ಬಡಿಯಲು ಬಾರದೆ ಹಿಟ್ಟು ಹಿಡಿದುಕೊಂಡು ಅಳುತ್ತಿದ್ದಾಗ ಆಯಿ ಅಡುಗೆಮನೆಯ ಕದ ಮುಂದೆ ಮಾಡಿ, ಯಾರಿಗೂ ತಿಳಿಯದಂತೆ ತಾನೇ ಬಡಿದು, ಸೊಸೆ ಬಡಿದದ್ದು ಎಂದು ಗಂಡಸರ ತಾಟಿಗೆ ಹಾಕಿದಳು. ಅವ್ವ ಕಲಿಯುವ ತನಕವೂ ಇದು ನಡೆಯಿತು.

ಉಡಿ ಹಬ್ಬದ ದಿನ ಮಾತ್ರ ಕಾಣುವ ವಸ್ತುವಲ್ಲ. ಹತ್ತಿ ಬಿಡಿಸುವ ಕಾಲದಲ್ಲಿ ನಮ್ಮೂರ ಹೊಲದ ತುಂಬ ಉಡಿಗಳೇ. ಆಯಿ ಇಳಕಲ್ ಸೀರೆಯ ಸೆರಗನ್ನು ಬೆನ್ನ ಹಿಂದಿನಿಂದ ಸುತ್ತಿ ತಂದು ಎರಡೂ ತುದಿಗಳನ್ನು ಸೊಂಟಕ್ಕೆ ಬಿಗಿದು ಸಿಕ್ಕಿಸಿದರೆ ಹೊಟ್ಟೆಯ ಮುಂದೆ ಚೀಲ ಸಿದ್ಧ. ಎರಡೂ ಕೈ ಖಾಲಿ. ಎರಡೂ ಕೈಯಿಂದ ಹತ್ತಿ. ಒಡೆದ ಕಾಯಿಯ ತೊಟ್ಟಿನ ಚೂಪು ಬೆರಳಿಗೆ ತಾಗದಂತೆ ಅರಳೆಯನ್ನು ಮೇಲಿನಿಂದ ಹಿಡಿದು ಒಮ್ಮೆಲೇ ಎಳೆಯಬೇಕು; ತಡವರಿಸಿದರೆ ಒಣ ಎಲೆಯ ಕಸ ಅಂಟಿಕೊಂಡು ಬರುತ್ತದೆ. ಉಡಿ ತುಂಬಿದಂತೆ ಹೆಂಗಸರ ಆಕಾರವೇ ಬದಲಾಗುತ್ತದೆ. ಸಾಲಾಗಿ ನಿಂತವರೆಲ್ಲ ತುಂಬು ಬಸುರಿಯರ ಹಾಗೆ ಹಿಂದಕ್ಕೆ ಬಾಗಿ ನಡೆಯುತ್ತ ಬಂದು ಬದುವಿನ ಮೇಲೆ ಹಾಸಿದ ಧೋತರಕ್ಕೆ ಹತ್ತಿ ಸುರಿಯುತ್ತಿದ್ದರು.

ಸಂಜೆ ತಿರುಗಿ ಬರುವಾಗ ಉಡಿಯಲ್ಲಿ ಬೇರೆ ಸಾಮಾನು. ಹಕ್ಕರಕಿ, ಸಬ್ಬಸಿಗೆ ಸೊಪ್ಪು, ಸುಲಗಾಯಿ, ನಾಲ್ಕು ಎಳೆ ಬದನೆ, ಒಮ್ಮೊಮ್ಮೆ ಸುಟ್ಟು ತಿನ್ನುವ ಸೀತನಿಗೆಂದು ಹಾಲುಗಾಳಿನ ಜೋಳದ ತೆನೆ. ಹೊಲದಿಂದ ಮನೆಗೆ ಬರುವ ದಾರಿಯಲ್ಲಿ ಓಣಿ ಉದ್ದಕ್ಕೂ ಮನೆಗಳು. ಬಾಣಂತಿ ಇದ್ದ ಮನೆಗೆ ಸಬ್ಬಸಿಗೆ ಸೊಪ್ಪು, ಹಲ್ಲಿಲ್ಲದ ಮುದುಕನಿಗೆ ಎಳೆ ಬದನೆ, ಗಂಡ ಕುಡಿದು ಮಲಗಿದ ಮನೆಯ ಹುಡುಗರಿಗೆ ಸುಲಗಾಯಿ. ‘ಏನ ತಂದಿ ಆಯಿ?’ ಎಂದು ನಾವು ಉಡಿಗೆ ಕೈ ಹಾಕುವ ಹೊತ್ತಿಗೆ ಅರ್ಧ ಖಾಲಿ. ಅದಕ್ಕೆ ನಮಗೆ ಸಿಟ್ಟು ಬರುತ್ತಿತ್ತು. ‘ಉಡಿ ಐತಲ್ಲ, ಅದೇನು ಟ್ರಂಕ್ ಏನು?’ ಎನ್ನುತ್ತಿದ್ದಳು.

ಆ ಮಾತಿನ ಅರ್ಥ ಈಗ ತಿಳಿಯುತ್ತಿದೆ. ಟ್ರಂಕಿಗೆ ಕೀಲಿ ಹಾಕಬಹುದು, ಚೀಲವನ್ನು ಮೂಲೆಗೆ ಒರಗಿಸಿ ನಾಳೆ ಬಿಚ್ಚಬಹುದು. ಉಡಿಯನ್ನು ಹಾಗೆ ಇಡಲು ಬರುವುದಿಲ್ಲ, ಏಕೆಂದರೆ ಅದು ಉಟ್ಟ ಬಟ್ಟೆ. ತುಂಬಿಕೊಂಡಿರುವಷ್ಟು ಹೊತ್ತು ನೆಟ್ಟಗೆ ಕೂಡುವುದಕ್ಕೂ ಆಗದು. ಕೂಡಬೇಕಾದರೆ ಇಳಿಸಲೇಬೇಕು, ಯಾರಿಗಾದರೂ ಹಾಕಲೇಬೇಕು. ದಾನದ ಬಗ್ಗೆ ಯಾರೂ ಆಯಿಗೆ ಪಾಠ ಹೇಳಿರಲಿಲ್ಲ. ಆಕೆಗೆ ಗೊತ್ತಿದ್ದ ಸಂಗ್ರಹದ ಪಾತ್ರೆಯೇ ಅಂಥದ್ದು.

ಕೂಡಿಡದೆ ಬದುಕಿದ 12ನೆಯ ಶತಮಾನದ ಶರಣೆ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಮಾತ್ರ ಆಯಿ ಮಠದ ಪುರಾಣದಲ್ಲಿ ಕೇಳಿದ್ದಳು. ಗಂಡ ಮಾರಯ್ಯ ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು, ಅದರಿಂದ ದಂಪತಿ ಜಂಗಮ ದಾಸೋಹ ನಡೆಸುವುದು. ಒಂದು ದಿನ ಅವನು ದಿನದ ಅಳತೆಗಿಂತ ಹೆಚ್ಚು ತಂದ. ಲಕ್ಕಮ್ಮ ಒಳಗೆ ತೆಗೆದುಕೊಳ್ಳಲಿಲ್ಲ. ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದಳು. ಶರಣರಲ್ಲಿ ಎಷ್ಟೋ ಜನ ದೊಡ್ಡ ದಾನಿಗಳಿದ್ದಾರೆ, ಆದರೆ ಆಯಿಯ ನಾಲಿಗೆಯ ಮೇಲೆ ಇದ್ದವಳು ಈ ಬಡವಿಯೇ. ಹೆಚ್ಚು ತಂದವನನ್ನು ತಿರುಗಿ ಕಳಿಸುವ ಧೈರ್ಯ, ಕೈ ತುಂಬ ಇದ್ದಾಗ ಕೊಡುವುದಕ್ಕಿಂತ ದೊಡ್ಡದು ಎಂದು ನನಗೂ ಅನ್ನಿಸುತ್ತದೆ.

ಆಯಿಯ ಭಕ್ತಿ ಒಂದೇ ಗುಡಿಯಲ್ಲಿ ನಿಲ್ಲುತ್ತಿರಲಿಲ್ಲ. ಕೊರಳಲ್ಲಿ ಇಷ್ಟಲಿಂಗ, ಬೆಳಿಗ್ಗೆ ಪೂಜೆಯಾಗದೆ ಚಹಾ ಕೂಡ ಇಲ್ಲ. ಮೊಹರಂನಲ್ಲಿ ಪಂಜಾಗಳಿಗೆ ಸಕ್ಕರೆ ಓದಿಸುವುದಿತ್ತು. ಭಾರತ ಹುಣ್ಣಿಮೆಗೆ ಚಕ್ಕಡಿ ಹೂಡಿಸಿ ಯಲ್ಲಮ್ಮನ ಗುಡ್ಡ. ಅಲ್ಲಿಯೂ ಉಡಿಯೇ ಮುಖ್ಯ. ಹಸಿರು ಖಣ, ಬಳೆ, ಅಕ್ಕಿ, ತೆಂಗಿನಕಾಯಿ ಹಿಡಿದು ಸಾಲಿನಲ್ಲಿ ನಿಂತ ಸಾವಿರಾರು ಹೆಂಗಸರು ದೇವಿಗೆ ಉಡಿ ತುಂಬಲು ಬಂದವರು. ಎಲ್ಲರಿಗೂ ಕೊಡುವವಳು ಎಂದು ನಂಬಿದ ದೇವತೆಯ ಸೆರಗನ್ನೇ ಇವರು ತುಂಬುತ್ತಾರೆ! ಕೊಡುವವಳೂ ಒಬ್ಬ ಹೆಣ್ಣುಮಗಳು, ಆಕೆಯ ಉಡಿಯೂ ಬರಿದಾಗಿರಬಾರದು ಎಂಬ ಕಾಳಜಿ ಇದರಲ್ಲಿದೆ. ಅದೇ ಗುಡ್ಡದಲ್ಲಿ ಬಡವರ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಮಾಡುವುದನ್ನೂ ಆಯಿ ಕಣ್ಣಾರೆ ಕಂಡಿದ್ದಳು. ಅದನ್ನು ನಿಷೇಧಿಸಿದ 1982ರ ಕಾಯ್ದೆ ಬರುವ ಮೊದಲೇ ಆಕೆ ತನ್ನ ತೀರ್ಪು ಕೊಟ್ಟಿದ್ದಳು: ‘ಉಡಿ ತುಂಬ್ರಿ ಅಂದಾಳ ತಾಯಿ. ಹೆತ್ತ ಕೂಸು ತಂದು ಕೊಡ್ರಿ ಅಂದಿಲ್ಲ.’

ನನಗೆ ಎಲ್ಲಕ್ಕಿಂತ ಇಷ್ಟ ಸೀಗಿ ಹುಣ್ಣಿಮೆ. ಆಶ್ವಿಜದ ಈ ಹುಣ್ಣಿಮೆಯ ಹೊತ್ತಿಗೆ ಬೆಳೆ ಹೊಡೆಗೆ ಬರುತ್ತಿರುತ್ತದೆ. ಭೂಮಿತಾಯಿ ಬಸುರಿ. ಬಸುರಿಗೆ ಬಯಕೆ ಊಟ ಬೇಕು, ಉಡಿ ಬೇಕು. ಮನೆಮಂದಿಯೆಲ್ಲ ಬುತ್ತಿ ಹೊತ್ತು ಹೊಲಕ್ಕೆ ಹೋಗಿ, ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲು ಇಟ್ಟು ಪಾಂಡವರೆಂದು ಪೂಜಿಸಿ, ಬೆಳೆಗೆ ಖಣ ಏರಿಸಿ ಉಡಿ ತುಂಬಿ, ಕಡುಬು, ಹೋಳಿಗೆ, ಅನ್ನ ಕಲೆಸಿ ಹೊಲದ ಸುತ್ತ ಚರಗ ಚೆಲ್ಲುತ್ತಾರೆ. ಇಲಿ, ಗುಬ್ಬಿ, ಇರುವೆಗಳಿಗೆಲ್ಲ ಅದರಲ್ಲಿ ಪಾಲು. ಭೂಮಿಗೆ ಸೆರಗಿಲ್ಲವಲ್ಲ, ಉಡಿ ಎಲ್ಲಿ ಎಂದು ನಾನು ಸಣ್ಣವಳಿದ್ದಾಗ ಕೇಳಿದ್ದೆ. ಆಯಿ ಎರೆಹೊಲ ಬಿರಿದ ಒಂದು ಸಂದು ತೋರಿಸಿ ಅಲ್ಲಿ ಐದು ಕಾಳು ಹಾಕಿಸಿದಳು.

ಇಷ್ಟೆಲ್ಲ ಹೇಳಿದ ಮೇಲೆ ಹೇಳಲೇಬೇಕಾದ ಕಹಿಯೂ ಇದೆ. ಉಡಿ ತುಂಬುವುದು ಮುತ್ತೈದೆಗೆ, ತುಂಬುವವಳೂ ಮುತ್ತೈದೆ. ಅಜ್ಜ ಬೇಗ ಹೋದ. ಆ ದಿನದಿಂದ ಆಯಿಯ ಉಡಿಗೆ ಯಾರೂ ಅಕ್ಕಿ ಹಾಕಲಿಲ್ಲ, ಆಕೆಯೂ ಯಾರಿಗೂ ಹಾಕುವಂತಿರಲಿಲ್ಲ. ಮನೆಯಲ್ಲಿ ಕಾರ್ಯವಾದರೆ ಒಳಗೆ ಕೂತು ಅಕ್ಕಿ ಹಸನು ಮಾಡಿ, ಎಲೆ ಒರೆಸಿ, ಉತ್ತತ್ತಿ ಎಣಿಸಿ, ಬೆಲ್ಲ ಒಡೆದು ತಾಟು ಜೋಡಿಸುತ್ತಿದ್ದವಳು ಆಕೆಯೇ. ಆಮೇಲೆ ತಾಟು ಸೊಸೆಯ ಕೈಗೆ ಹೋಗುತ್ತಿತ್ತು, ಆಯಿ ಬಾಗಿಲ ಹಿಂದೆ ಉಳಿಯುತ್ತಿದ್ದಳು. ಊರಿಗೆಲ್ಲ ಉಡಿ ಬಿಚ್ಚಿ ಕೊಟ್ಟ ಹೆಂಗಸನ್ನು, ಅದೇ ಉಡಿಯ ಹೆಸರಿನ ಶಾಸ್ತ್ರ ಹೊರಗಿಟ್ಟಿತು. ಯಾವ ಸಮಾಧಾನದ ಮಾತಿನಿಂದಲೂ ಇದನ್ನು ನಾನು ಒಪ್ಪಲಾರೆ.

ಆಯಿ ಜಗಳ ತೆಗೆಯಲಿಲ್ಲ, ದಾರಿ ಹುಡುಕಿಕೊಂಡಳು. ನಾನು ಹಾಸ್ಟೆಲಿಗೆ ಹೊರಟಾಗ ಅವ್ವ ಮುಂಬಾಗಿಲಲ್ಲಿ ಉಡಿ ತುಂಬುತ್ತಿದ್ದಳು. ಅದಕ್ಕೂ ಮೊದಲೇ ಆಯಿ ನನ್ನನ್ನು ಹಿತ್ತಲ ಕಡೆ ಕರೆದು ಚೀಲದಲ್ಲಿ ಶೇಂಗಾ ಹೋಳಿಗೆ, ಕಟಕ ರೊಟ್ಟಿ, ಅಗಸಿ ಹಿಂಡಿ, ಒಂದು ಹಿಡಿ ಉತ್ತತ್ತಿ, ಮಡಚಿದ ಒಂದು ನೋಟು ತುರುಕುತ್ತಿದ್ದಳು. ‘ಇದು ಉಡಿ ಅಲ್ಲವ್ವಾ, ಬುತ್ತಿ’ ಎನ್ನುತ್ತಿದ್ದಳು. ಉತ್ತತ್ತಿಯನ್ನು ಯಾರೂ ಬುತ್ತಿಗೆ ಕಟ್ಟುವುದಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಈಗ ಉಡಿ ತುಂಬಿಸಿಕೊಳ್ಳುವ ಹುಡುಗಿಯರು ಚೂಡಿದಾರ ತೊಟ್ಟಿರುತ್ತಾರೆ, ದುಪಟ್ಟಾ ಒಡ್ಡುತ್ತಾರೆ. ಅದೂ ಇಲ್ಲದಿದ್ದರೆ ಹೆಗಲಿಗೆ ಒಂದು ಟವೆಲ್ ಹಾಕಿಸಿ ತುಂಬುತ್ತಾರೆ. ಪುಣೆ, ಬೆಂಗಳೂರಿಗೆ ಹೋಗುವ ಅಕ್ಕಿ ಬಾಗಿಲಲ್ಲೇ ಪ್ಲಾಸ್ಟಿಕ್ ಚೀಲ ಸೇರುತ್ತದೆ. ಇದರಿಂದ ಏನೋ ಹಾಳಾಯಿತು ಎಂದು ಕೊರಗುವವರ ಜೊತೆ ನಾನಿಲ್ಲ. ಬದಲಾಗಬೇಕಾದದ್ದು ಬೇರೆಯೇ ಇತ್ತು. ಅದೂ ಅಲ್ಲಿ ಇಲ್ಲಿ ಬದಲಾಗುತ್ತಿದೆ.

ಆಯಿ ಹೋದ ಮೇಲೆ ನಮ್ಮ ಮನೆಯಲ್ಲಿ ನಡೆದ ಮೊದಲ ಕುಬಸ, ಅಂದರೆ ಸೀಮಂತ, ತಂಗಿಯದು. ಹಿರಿ ಅತ್ತೆಗೆ ಗಂಡನಿಲ್ಲ. ಆಕೆ ರೂಢಿಯಂತೆ ಒಳಗೆ ತಾಟು ಜೋಡಿಸುತ್ತಿದ್ದಳು. ತಂಗಿ ಹಸಿರು ಸೀರೆಯಲ್ಲಿ ಮಣೆಯ ಮೇಲೆ ಕೂತವಳು, ‘ಮೊದಲು ಅತ್ತಿ ತುಂಬಲಿ, ಆಮೇಲೆ ಉಳಿದವರು’ ಎಂದಳು. ಮನೆ ತುಂಬ ಹೆಂಗಸರು. ಕೆಲವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವ್ವ ಎದ್ದು ಹೋಗಿ ಅತ್ತೆಯನ್ನು ತೋಳು ಹಿಡಿದು ಕರೆತಂದಳು. ಅತ್ತೆ ತುಂಬಿದಳು, ಆಮೇಲೆ ಅವ್ವ ಅತ್ತೆಯ ಸೆರಗು ಹಿಡಿಸಿ ಆಕೆಗೂ ತುಂಬಿದಳು. ಅಲ್ಲೇ ಗೋಡೆಗೆ ಒರಗಿ ಕೂತಿದ್ದ ಪಕ್ಕದ ಮನೆಯ ಮುದುಕಿ, ಆಯಿಯ ಓರಗೆಯವಳು, ‘ನಮ್ಮ ಕಾಲಕ್ಕ ಇದು ಇರಲಿಲ್ಲ ಬಿಡವ್ವಾ’ ಎಂದು ಗೊಣಗಿದಳು. ಸ್ವಲ್ಪ ಹೊತ್ತಾದ ಮೇಲೆ ತಾನೇ ಸೆರಗು ಮುಂದಕ್ಕೆಳೆದು, ‘ನನಗೂ ಒಂದೀಟು ಹಾಕ್ರಿ’ ಎಂದಳು. ಆಕೆಯ ಹಿಂದೆ ಇನ್ನಿಬ್ಬರು ಎದ್ದು ಬಂದರು. ತಾಟಿನ ಅಕ್ಕಿ ಸಾಲದೆ ಒಳಗಿನ ಚೀಲ ಬಿಚ್ಚಬೇಕಾಯಿತು.