ಬೈಗುಳವೊಂದು ಬಿರುದಾದದ್ದು

ಹಳ್ಳಿಯವರನ್ನು ಹೀಯಾಳಿಸಲು ಪಟ್ಟಣದವರು ಎಲ್ಲ ಭಾಷೆಗಳಲ್ಲೂ ಒಂದೆರಡು ಮಾತು ಇಟ್ಟುಕೊಂಡಿರುತ್ತಾರೆ. ನಮ್ಮಲ್ಲಿ ‘ಹಳ್ಳಿಮುಕ್ಕ’ ಇದೆ, ‘ಹಳ್ಳಿಗಮಾರ’ ಇದೆ. ಯುರೋಪಿನಲ್ಲಿ ಇಂಥದೇ ಒಂದು ಮಾತು ಬೆಳೆಯುತ್ತ ಬೆಳೆಯುತ್ತ ಧರ್ಮವೊಂದರ ಹೆಸರಾಗಿ ಸರ್ಕಾರಿ ಜನಗಣತಿಯೊಳಗೂ ಸೇರಿಕೊಂಡಿದೆ. ‘ಪೇಗನ್’ ಎಂಬುದೇ ಆ ಮಾತು.

ಲ್ಯಾಟಿನ್ನಿನಲ್ಲಿ ‘ಪಾಗುಸ್’ ಎಂದರೆ ಹಳ್ಳಿಗಾಡಿನ ಸೀಮೆ, ನಮ್ಮ ಹೋಬಳಿ ಅನ್ನಿ. ಅಲ್ಲಿಯವನು ‘ಪಾಗಾನುಸ್’. ಫ್ರೆಂಚಿನಲ್ಲಿ ದೇಶಕ್ಕೆ ಹೇಳುವ ‘ಪೇಯಿ’, ಇಂಗ್ಲಿಷಿನಲ್ಲಿ ಬಡ ರೈತನಿಗೆ ಹೇಳುವ ‘ಪೆಸೆಂಟ್’ ಎರಡೂ ಇದೇ ಬೇರಿನವು. ಹಾಗಾದರೆ ಹಳ್ಳಿಯವನು ಕ್ರೈಸ್ತನಲ್ಲದವನಾದದ್ದು ಹೇಗೆ? ಐದನೆಯ ಶತಮಾನದ ಆರಂಭದಲ್ಲಿ ಓರೋಸಿಯಸ್ ಎಂಬ ಪಾದ್ರಿ ಸುಲಭದ ಉತ್ತರವೊಂದನ್ನು ಕೊಟ್ಟ: ಇವರು ನಾಡದಾರಿಗಳ, ಹಳ್ಳಿಗಾಡಿನ ಜನ, ಅದಕ್ಕೇ ಈ ಹೆಸರು. ಪಟ್ಟಣಗಳಲ್ಲಿ ಚರ್ಚು ಗೆದ್ದಿತು, ಹಳೆಯ ದೇವರುಗಳು ಹಳ್ಳಿಯಲ್ಲಿ ಉಳಿದುಕೊಂಡರು ಎಂಬ ಕಥೆ ಇಂದಿಗೂ ಶಾಲಾ ಪುಸ್ತಕಗಳಿಗೆ ಪ್ರಿಯ. ಆದರೆ 384ರಲ್ಲಿ ವಿಜಯದೇವತೆಯ ಬಲಿಪೀಠವನ್ನು ಸೆನೆಟ್ ಸಭಾಂಗಣಕ್ಕೆ ಮರಳಿ ತರಬೇಕೆಂದು ಚಕ್ರವರ್ತಿಯ ಮುಂದೆ ವಾದ ಹೂಡಿದ ಸಿಮ್ಮಾಕಸ್ ರೋಮ್ ನಗರದ ಆಡಳಿತಾಧಿಕಾರಿಯೇ ಆಗಿದ್ದ. ಅವನನ್ನು ಹಳ್ಳಿಯವನು ಎಂದರೆ ನಗಬೇಕಷ್ಟೆ.

ಇನ್ನೊಂದು ಊಹೆ ಸೈನ್ಯದ ಆಡುಮಾತಿನದು. ಸೈನ್ಯಕ್ಕೆ ಸೇರದೆ ಮನೆಯಲ್ಲಿ ಉಳಿದವನನ್ನು ರೋಮನ್ ಸಿಪಾಯಿಗಳು ‘ಪಾಗಾನುಸ್’ ಎನ್ನುತ್ತಿದ್ದರು. ಕ್ರೈಸ್ತರು ತಮ್ಮನ್ನು ಕ್ರಿಸ್ತನ ಸೈನಿಕರು ಎಂದುಕೊಂಡರು, ಆ ದಂಡಿಗೆ ಸೇರದವರಿಗೆ ಸಿಪಾಯಿಗಳ ಮಾತನ್ನೇ ಅಂಟಿಸಿದರು. ಮೂರನೆಯ ಊಹೆ ನನಗೆ ಹೆಚ್ಚು ಹಿಡಿಸುತ್ತದೆ: ಪಾಗಾನುಸ್ ಎಂದರೆ ತನ್ನ ನೆಲದ ದೇವರನ್ನು ಬಿಡದವನು, ಸ್ಥಳದವನು. ಯಾವ ಊಹೆ ನಿಜವಾದರೂ ಹೆಸರಿಟ್ಟವರು ಹೊರಗಿನವರೇ. ಜ್ಯೂಪಿಟರನ ಭಕ್ತ, ಈಜಿಪ್ಟಿನ ಐಸಿಸ್ ದೇವಿಯ ಭಕ್ತೆ, ರೈನ್ ನದಿಯಾಚೆಯ ವೋಡನ್ ಪೂಜಕ, ಒಬ್ಬರನ್ನೊಬ್ಬರು ಕಂಡರಿಯದ ಇವರನ್ನೆಲ್ಲ ಒಂದೇ ಹಗ್ಗದಲ್ಲಿ ಕಟ್ಟಿದ್ದು ಈ ಪದ. ಅವರು ಏನು ನಂಬಿದ್ದರು ಎಂದು ಅದು ಹೇಳುವುದಿಲ್ಲ, ಏನು ಅಲ್ಲ ಎಂದಷ್ಟೇ ಹೇಳುತ್ತದೆ.

ಇದೇ ಅರ್ಥದಲ್ಲಿ ಪೇಗನ್ನಿಗೆ ಜರ್ಮನ್ ಕಡೆಯ ಅಣ್ಣತಮ್ಮ ‘ಹೈಡನ್’, ಇಂಗ್ಲಿಷಿನ ‘ಹೀದನ್’. ಈ ಪದ ನಮ್ಮ ಕರಾವಳಿಗೂ ತಗಲಿಕೊಂಡಿದೆ. ಬಾಸೆಲ್ ಮಿಷನ್ 1828ರಿಂದ ತನ್ನ ಊರಿನ ಭಕ್ತರಿಗಾಗಿ ಹೊರಡಿಸಿದ ಪತ್ರಿಕೆಯ ಹೆಸರಿನಲ್ಲೇ ‘ಹೈಡನ್’ ಕೂತಿತ್ತು: ‘ಹೈಡನ್‌ಬೋಟೆ’, ಅಂದರೆ ಹೈಡನ್ನರ ನಡುವಿನಿಂದ ಸುದ್ದಿ ತರುವ ದೂತ. 1834ರಲ್ಲಿ ಮಿಷನ್ನಿನವರು ಮಂಗಳೂರಿಗೆ ಬಂದರು. 1843ರಲ್ಲಿ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರಡಿಸಿದರು, 1894ರಲ್ಲಿ ಕಿಟೆಲ್ಲರ ನಿಘಂಟು ಬಂತು. ಕನ್ನಡಕ್ಕೆ ಮೊದಲ ಪತ್ರಿಕೆಯನ್ನೂ ದೊಡ್ಡ ನಿಘಂಟನ್ನೂ ಕೊಟ್ಟ ಮಿಷನ್ ತನ್ನವರ ಎದುರು ನಮ್ಮನ್ನು ಕರೆದದ್ದು ಮಾತ್ರ ಈ ಹೆಸರಿನಿಂದ. ಸಾಲ ದೊಡ್ಡದೇ, ಆದರೂ ಹೆಸರು ಚುಚ್ಚದೆ ಇರುವುದಿಲ್ಲ.

ಹೊರಗಿನವರು ಹೀಗೆ ಗೆರೆ ಎಳೆದರು, ಸರಿ. ಊರಿನೊಳಗೆ ಆ ಗೆರೆ ಎಲ್ಲಿತ್ತು? ಇಂಗ್ಲೆಂಡಿನಲ್ಲಿ ಸುಮಾರು ಸಾವಿರ ವರ್ಷದ ಹಿಂದೆ ಬರೆದಿಟ್ಟ ‘ಎಕರ್‌ಬೋಟ್’ ಎಂಬ ವಿಧಿ ಇದೆ, ಬೆಳೆ ಕೊಡದ ಹೊಲಕ್ಕೆ ಮಾಡುವ ಪರಿಹಾರ. ಬೆಳಕು ಹರಿಯುವ ಮೊದಲು ಹೊಲದ ನಾಲ್ಕೂ ದಿಕ್ಕಿನಿಂದ ಹುಲ್ಲುಸಮೇತ ನಾಲ್ಕು ಹೆಂಟೆ ಕೀಳಬೇಕು. ಎಣ್ಣೆ, ಜೇನು, ಹುದುಗು, ಆ ನೆಲದ ಮೇಲಿರುವ ಪ್ರತಿ ಹಸುವಿನ ಹಾಲು ತಂದು, ತೀರ್ಥ ಬೆರೆಸಿ ಹೆಂಟೆಯ ಬುಡಕ್ಕೆ ಹನಿಸಬೇಕು. ಆಮೇಲೆ ಅವನ್ನು ಹೊತ್ತುಕೊಂಡು ಹೋಗುವುದು ಎಲ್ಲಿಗೆ? ಚರ್ಚಿಗೆ! ಹಸಿರು ಮೈಯನ್ನು ವೇದಿಕೆಯ ಕಡೆ ತಿರುಗಿಸಿಟ್ಟು ಪಾದ್ರಿ ಅವುಗಳ ಮೇಲೆ ನಾಲ್ಕು ಪೂಜೆ ಹಾಡಬೇಕು. ಸೂರ್ಯ ಮುಳುಗುವುದರೊಳಗೆ ಹೆಂಟೆಗಳು ಮತ್ತೆ ಹೊಲ ಸೇರಬೇಕು. ಭಿಕ್ಷುಕರಿಂದ ಬೀಜ ತಂದು ಅವರಿಗೆ ಎರಡರಷ್ಟು ಕೊಡಬೇಕು. ನೇಗಿಲಿಗೆ ಧೂಪ, ಸೋಂಪು, ಮಂತ್ರಿಸಿದ ಉಪ್ಪು. ಉಳುವಾಗ ಭೂಮಿಯ ತಾಯಿ ‘ಎರ್ಚೆ’ಯನ್ನು ಕೂಗಿ ಕರೆಯಬೇಕು. ಮೊದಲ ಸಾಲಿನಲ್ಲಿ, ಇರುವ ಎಲ್ಲ ಬಗೆಯ ಹಿಟ್ಟನ್ನೂ ಹಾಲು, ತೀರ್ಥದಲ್ಲಿ ನಾದಿ ಮಾಡಿದ ರೊಟ್ಟಿ ಇಡಬೇಕು.

ಇದರಲ್ಲಿ ಪೇಗನ್ ಎಷ್ಟು, ಚರ್ಚು ಎಷ್ಟು? ಆ ರೈತನನ್ನು ಕೇಳಿದ್ದರೆ ಪ್ರಶ್ನೆಯೇ ಅವನಿಗೆ ಅರ್ಥವಾಗುತ್ತಿರಲಿಲ್ಲ. ಅವನಿಗೆ ಬೇಕಾದದ್ದು ಬೆಳೆ. ಜರ್ಮನಿಯ ಮೆರ್ಸೆಬುರ್ಗಿನಲ್ಲಿ 1841ರಲ್ಲಿ ಸಿಕ್ಕ ಎರಡು ಮಂತ್ರಗಳಲ್ಲೊಂದರಲ್ಲಿ ವೋಡನ್ ದೇವರು ಕುದುರೆಯ ಉಳುಕಿದ ಕಾಲನ್ನು ಸರಿಮಾಡುತ್ತಾನೆ. ಅದು ಸಿಕ್ಕಿದ್ದು ದೊಡ್ಡ ಚರ್ಚಿನ ಗ್ರಂಥಭಂಡಾರದ ಧಾರ್ಮಿಕ ಹಸ್ತಪ್ರತಿಯೊಂದರಲ್ಲಿ. ಕಳವಾದ ವಸ್ತು ಎಲ್ಲಿದೆ ಎಂದು ಹೇಳುತ್ತ, ಮಾಟ ಬಿಡಿಸುತ್ತ ಬದುಕಿದ ಇಂಗ್ಲಿಷ್ ಹಳ್ಳಿಗಳ ಮಂತ್ರಗಾರರು, ಅಲ್ಲಿಯವರ ಮಾತಿನಲ್ಲಿ ‘ಕನಿಂಗ್ ಫೋಕ್’, ಬೈಬಲಿನ ಕೀರ್ತನೆಗಳನ್ನೇ ಮಂತ್ರವಾಗಿ ಬಳಸುತ್ತಿದ್ದರು. ಪೇಗನ್ ಎಂದು ಕರೆದಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದರೇನೋ!

ಬೈಗುಳ ತಿರುಗಿದ್ದು ಕವಿಗಳ ಕೈಯಲ್ಲಿ. ವರ್ಡ್ಸ್‌ವರ್ತ್ 1807ರಲ್ಲಿ ಪ್ರಕಟಿಸಿದ ಸಾನೆಟ್ಟೊಂದರಲ್ಲಿ, ಹಣದ ಹಿಂದೆ ಬಿದ್ದು ಸಮುದ್ರವನ್ನೂ ಕಾಣದವನಾಗುವುದಕ್ಕಿಂತ ಪೇಗನ್ ಆಗುವುದೇ ಲೇಸು ಎಂದ. ಮುಂದೆ, ಕಲ್ಕತ್ತೆಯಲ್ಲಿ 1863ರಲ್ಲಿ ಹುಟ್ಟಿದ ಈಜಿಪ್ಟ್ ತಜ್ಞೆ ಮಾರ್ಗರೆಟ್ ಮರ್ರೆ, ಮಾಟಗಾತಿಯರೆಂದು ಯುರೋಪು ಕೊಂದದ್ದು ಹಳೆಯ ಗುಪ್ತಧರ್ಮವೊಂದರ ಅನುಯಾಯಿಗಳನ್ನು ಎಂದು 1921ರಲ್ಲಿ ಪುಸ್ತಕ ಬರೆದಳು. ಇತಿಹಾಸಕಾರರು ಅದನ್ನು ಒಪ್ಪಲಿಲ್ಲ, ಓದುಗರು ಬಿಡಲಿಲ್ಲ. ಬ್ರಿಟನ್ನಿನ 1735ರ ಮಾಟ ಕಾಯ್ದೆ 1951ರಲ್ಲಿ ರದ್ದಾಯಿತು. ಮಲಯಾದಲ್ಲಿ ಸುಂಕದ ಅಧಿಕಾರಿಯಾಗಿದ್ದು ನಿವೃತ್ತನಾದ ಜೆರಾಲ್ಡ್ ಗಾರ್ಡ್ನರ್, ಆ ಗುಪ್ತಧರ್ಮದವರನ್ನು ತಾನು ಕಂಡಿದ್ದೇನೆ ಎಂದು 1954ರಲ್ಲಿ ಬರೆದ. ಮುನ್ನುಡಿ ಮರ್ರೆಯದೇ. ಪೇಗನ್ ಎಂದು ಹೇಳಿಕೊಳ್ಳುವ ಇಂದಿನ ಧರ್ಮ ‘ವಿಕ್ಕಾ’ ಹೊರಟದ್ದು ಅಲ್ಲಿಂದ.

ಬ್ರಿಸ್ಟಲ್‌ನ ಇತಿಹಾಸಕಾರ ರೊನಾಲ್ಡ್ ಹಟನ್ 1999ರ ತಮ್ಮ ಗ್ರಂಥದಲ್ಲಿ ಇದರ ನೂಲೆಳೆಗಳನ್ನು ಬಿಡಿಸಿದರು: ಫ್ರೀಮೇಸನ್ನರ ದೀಕ್ಷಾವಿಧಿ, ಪುಸ್ತಕ ಓದಿ ಕಲಿತ ವಿಧ್ಯುಕ್ತ ಮಾಂತ್ರಿಕತೆ, ರೊಮ್ಯಾಂಟಿಕ್ ಕವಿತೆ, ಮರ್ರೆಯ ವಾದ. ಕಡಿಯದೆ ಹರಿದುಬಂದ ಪರಂಪರೆ ಅದರಲ್ಲಿಲ್ಲ. ಆದರೆ ಅವರು ಗೇಲಿ ಮಾಡಲಿಲ್ಲ. ಇಂಗ್ಲೆಂಡ್ ಜಗತ್ತಿಗೆ ಕೊಟ್ಟ ಧರ್ಮ ಇದೊಂದೇ ಎಂದರು. ಹೊಸದೆಂದರೆ ಧರ್ಮವೊಂದು ಸುಳ್ಳಾಗಬೇಕಿಲ್ಲ. ಹಳೆಯದೆಂಬ ಹಟ ಮಾತ್ರ ಅದಕ್ಕೆ ಒಳಿತು ಮಾಡದು, ಎಷ್ಟೋ ವಿಕ್ಕನ್ನರು ಆ ಹಟವನ್ನು ಈಗಾಗಲೇ ಕೈಬಿಟ್ಟಿದ್ದಾರೆ.

ಸ್ವಂತ ಹೆಸರು ಇದ್ದವರಿಗೆ ಈ ಪದದ ಅಗತ್ಯ ಅಷ್ಟಾಗಿ ಬೀಳಲಿಲ್ಲ. ಐಸ್‌ಲ್ಯಾಂಡಿನಲ್ಲಿ ರೈತನೂ ಕವಿಯೂ ಆಗಿದ್ದ ಸ್ವೇನ್‌ಬ್ಯೋರ್ನ್ ಬೇಂಟೇನ್ಸನ್ ಜೊತೆಗಾರರೊಡನೆ ಹಳೆಯ ದೇವರುಗಳಿಗಾಗಿ 1972ರಲ್ಲಿ ಕಟ್ಟಿದ ಸಂಘ ‘ಆಸಾತ್ರು’ ಹೆಸರಿನಲ್ಲಿದೆ, ಮರುವರ್ಷವೇ ಸರ್ಕಾರ ಅದನ್ನು ಮಾನ್ಯ ಮಾಡಿತು. 1387ರಲ್ಲಿ, ಯುರೋಪಿನಲ್ಲೇ ಕಡೆಯದಾಗಿ, ಕ್ರೈಸ್ತಧರ್ಮಕ್ಕೆ ಬಂದ ಲಿಥುವೇನಿಯಾದಲ್ಲಿ ಹಳೆಯ ದೇವರುಗಳತ್ತ ಮರಳಿದವರು ತಮ್ಮದನ್ನು ‘ರೊಮುವಾ’ ಎನ್ನುತ್ತಾರೆ. ಅವರಿಗೆ ಮಾನ್ಯತೆ ನಿರಾಕರಿಸಿದ್ದು ತಪ್ಪೆಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2021ರಲ್ಲಿ ತೀರ್ಪು ಕೊಟ್ಟಿತು.

ಅದೇ 2021ರ ಇಂಗ್ಲೆಂಡ್–ವೇಲ್ಸ್ ಜನಗಣತಿಯ ನಮೂನೆಯಲ್ಲಿ ಪೇಗನ್ ಎಂಬ ಚೌಕ ಇರಲಿಲ್ಲ. ‘ಬೇರೆ ಧರ್ಮ’ ಎಂಬಲ್ಲಿ ಹೆಸರನ್ನು ತಾವೇ ಬರೆಯಬೇಕಿತ್ತು. ಸುಮಾರು 13 ಸಾವಿರ ಜನ ವಿಕ್ಕಾ ಎಂದು ಬರೆದರು, ಸುಮಾರು 74 ಸಾವಿರ ಜನ ಪೇಗನ್ ಎಂದೇ ಬರೆದರು.