ಘಟಪ್ರಭೆಯ ದಂಡೆಯ ಮನೆಗಳಲ್ಲಿ ನುಸಿ, ಇಲಿ, ಸೊಳ್ಳೆ

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಮನೆಗಳಲ್ಲಿ ಹುಳದ ಕಾಟವೆಂದರೆ ಮೊದಲಿಗೆ ಕಾಳಿನ ಕಾಟ. ವರ್ಷದ ಜೋಳವನ್ನು ಮನೆಯಲ್ಲೇ ಇಟ್ಟುಕೊಳ್ಳಬೇಕಿದ್ದ ಕಾಲದಲ್ಲಿ ಅದನ್ನು ನುಸಿಯಿಂದ ಕಾಯ್ದದ್ದು ಹಗೇವು. ನೀರು ಬಸಿಯದ ಎತ್ತರದ ಗಟ್ಟಿ ನೆಲದಲ್ಲಿ ತೋಡಿದ ಈ ಗುಂಡಿಗೆ ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ತಳಕ್ಕೂ ಬದಿಗೂ ಕಣಿಕಿ, ಹೊಟ್ಟು ಹಾಕಿ, ಜೋಳ ತುಂಬಿ, ಬಾಯಿಗೆ ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಒಳಗೆ ಗಾಳಿಯಾಡುವುದಿಲ್ಲ. ಕಾಳೂ ಅದರೊಳಗಿನ ಹುಳವೂ ಉಸಿರಾಡಿ ಇದ್ದ ಆಮ್ಲಜನಕವನ್ನು ಮುಗಿಸುತ್ತವೆ. ಅದು ಶೇ 2–3ಕ್ಕೆ ಇಳಿದರೆ ನುಸಿ ಬದುಕದು. ಆ ಗಾಳಿ ಮನುಷ್ಯನಿಗೂ ಕುತ್ತೇ. ಅದಕ್ಕೇ ಹಗೇವಿನ ಬಾಯಿ ತೆಗೆದು ಹೊತ್ತು ಕಾಯುವುದು, ಉರಿಯುವ ದೀಪವನ್ನು ಹಗ್ಗದಲ್ಲಿ ಇಳಿಬಿಟ್ಟು ಅದು ಆರದಿದ್ದರೆ ಮಾತ್ರ ಆಳು ಇಳಿಯುವುದು ವಾಡಿಕೆಯಾಗಿತ್ತು. ಅವಸರಕ್ಕೆ ಇಳಿದು ಸತ್ತವರೂ ಉಂಟು.

ಬೇಳೆಕಾಳಿನ ಉಪಾಯ ಬೇರೆ. ತೊಗರಿ, ಹೆಸರು ಕಾಳಿನ ಮೇಲೆ ಹುಳ ಮೊಟ್ಟೆ ಅಂಟಿಸುತ್ತದೆ, ಮರಿ ಒಳಕ್ಕೆ ಕೊರೆದು ಹೋಗುತ್ತದೆ. ಔಡಲೆಣ್ಣೆ ಸವರಿದರೆ ಮೊಟ್ಟೆಗೆ ಉಸಿರು ಕಟ್ಟುತ್ತದೆ. ಬೂದಿ ಹುಳದ ಮೈಯ ಮೇಣದ ಪದರ ಕೆರೆದು ಒಣಗಿಸುತ್ತದೆ. ಕಾರಣ ಗೊತ್ತಾದದ್ದು ಬಹಳ ಆಮೇಲೆ. ಮನೆಯ ಹೆಂಗಸರಿಗೆ ಫಲ ಗೊತ್ತಿದ್ದರೆ ಸಾಕಿತ್ತು.

ಧೂಪದಾಳದಲ್ಲಿ ಘಟಪ್ರಭೆಯ ಒಡ್ಡು ಮುಗಿದದ್ದು 1897ರಲ್ಲಿ. ಮುಂದೆ ಹಿಡಕಲ್ ಜಲಾಶಯವೂ ಬಂತು. ಕಾಲುವೆ ಹರಿದಲ್ಲಿ ನೆಲ ತೇವಗೊಂಡಿತು, ಜೋಳದ ಹೊಲಕ್ಕೆ ಕಬ್ಬು, ಗೋವಿನಜೋಳ ನುಗ್ಗಿದವು. ಹಗೇವುಗಳಿಗೆ ಕೆಲಸ ಉಳಿಯಲಿಲ್ಲ.

ಒಡ್ಡು ಮುಗಿದ ಆ ಹೊತ್ತಿಗೇ ಪ್ಲೇಗು ಬಂತು. 1896ರಲ್ಲಿ ಮುಂಬಯಿಗೆ ಇಳಿದ ಬೇನೆ ರೈಲು ಹಿಡಿದು ದಕ್ಷಿಣಕ್ಕೆ ಹಬ್ಬಿತು; ಬೆಳಗಾವಿ ಜಿಲ್ಲೆಯೂ ತಪ್ಪಿಸಿಕೊಳ್ಳಲಿಲ್ಲ. ಮನೆಯಲ್ಲಿ ಇಲಿ ಬಿದ್ದರೆ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ಸರಕಾರ 1897ರ ಸಾಂಕ್ರಾಮಿಕ ರೋಗ ಕಾಯ್ದೆ ತಂದು ಮನೆ ಮನೆ ಹೊಕ್ಕು ತಪಾಸಣೆ ನಡೆಸಿತು, ಸುಣ್ಣ ಬಳಿಸಿತು. ಆದರೆ ರೋಗ ಹೇಗೆ ಹರಡುತ್ತದೆಂಬುದು ಅದಕ್ಕಿನ್ನೂ ತಿಳಿದಿರಲಿಲ್ಲ. ಸತ್ತ ಇಲಿಯ ಮೈ ತಣ್ಣಗಾದಾಗ ಚಿಗಟ ಅದನ್ನು ಬಿಟ್ಟು ಮನುಷ್ಯನಿಗೆ ಹತ್ತುತ್ತದೆಂದು ಫ್ರೆಂಚ್ ವೈದ್ಯ ಪೌಲ್-ಲೂಯಿ ಸಿಮೊಂಡ್ ಕರಾಚಿಯಲ್ಲಿ ಕಂಡದ್ದು 1898ರಲ್ಲಿ. ಊರು ಬಿಡುವ ಜನರ ಲೆಕ್ಕವೇ ಸರಿಯಿತ್ತು.

ಮನೆಯೊಳಗೆ ರಾಸಾಯನಿಕ ಹೊಕ್ಕದ್ದು ಮಲೇರಿಯಾದ ನೆಪದಲ್ಲಿ. ಎರಡನೇ ಮಹಾಯುದ್ಧ ಮುಗಿಯುತ್ತಿದ್ದಂತೆ ಮುಂಬಯಿ ಪ್ರಾಂತದ ಧಾರವಾಡ ಮತ್ತು ಕಾರವಾರದ ಕಡೆಯ ಹಳ್ಳಿಗಳಲ್ಲಿ ಮಲೇರಿಯಾ ತಜ್ಞ ಡಿ.ಕೆ. ವಿಶ್ವನಾಥನ್ ಮನೆಗೋಡೆಗಳಿಗೆ ಡಿಡಿಟಿ ಹೊಡೆಸಿ ನೋಡಿದರು. ರಕ್ತ ಕುಡಿದ ಸೊಳ್ಳೆ ಗೋಡೆಯ ಮೇಲೆ ಕೂರುತ್ತದೆ, ಅಲ್ಲೇ ವಿಷ ತಗಲುತ್ತದೆ ಎಂಬುದು ಇದರ ಮರ್ಮ. 1953ರಲ್ಲಿ ಅದು ದೇಶದ ಕಾರ್ಯಕ್ರಮವಾಯಿತು, 1958ರಲ್ಲಿ ನಿರ್ಮೂಲನೆಯ ಹೆಸರು ಪಡೆಯಿತು. ಪಂಪು ಹೊತ್ತವರು ಬಂದು ಹೋದ ಮೇಲೆ ತಿಂಗಳುಗಟ್ಟಲೆ ಗೋಡೆ ಸಾರಿಸಬಾರದೆಂಬ ಕಟ್ಟಳೆ ಮಣ್ಣಿನ ಮನೆಗಳಿಗೆ ಒಗ್ಗುವಂಥದಲ್ಲ. ಹಬ್ಬ ಬಂತೆಂದರೆ ಸೆಗಣಿ, ಸುಣ್ಣ ಬೀಳಲೇಬೇಕು, ವಿಷ ಅದರಡಿ ಸೇರುತ್ತಿತ್ತು. ತಗಣಿಗಳು ಮೊದಮೊದಲು ಸತ್ತವು, ಆಮೇಲೆ ಡಿಡಿಟಿಗೆ ಜಗ್ಗಲಿಲ್ಲ. ತಗಣಿ ಸಾಯದ ಔಷಧಿಗೆ ಬಾಗಿಲು ತೆರೆಯಲು ಜನರೂ ಹಿಂಜರಿದರು. ಸೊಳ್ಳೆಯೂ ತಡೆಶಕ್ತಿ ಪಡೆಯಿತು. 1976ರಲ್ಲಿ ದೇಶದಲ್ಲಿ ಸುಮಾರು 64 ಲಕ್ಷ ಮಲೇರಿಯಾ ಪ್ರಕರಣಗಳು ದಾಖಲಾದವು.

ಈ ನಡುವೆ ಬಂದ 1968ರ ಕೀಟನಾಶಕ ಕಾಯ್ದೆ ಮಾರಾಟಕ್ಕೂ ಬಳಕೆಗೂ ಕಟ್ಟು ಹಾಕಿತು. ಹಗೇವಿನ ಜಾಗಕ್ಕೆ ಬಂದ ಚೀಲದ ಕಾಳಿಗೆ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಬಂದಿತ್ತು. ಗಾಳಿಯ ತೇವ ತಗಲಿದರೆ ಅದರಿಂದ ಫಾಸ್ಫಿನ್ ಅನಿಲ ಹೊರಡುತ್ತದೆ. ಮಲಗುವ ಕೋಣೆಯ ಪಕ್ಕದಲ್ಲಿಟ್ಟರೆ ನುಸಿಗಿಂತ ಮೊದಲು ಮನೆಯವರಿಗೇ ಅಪಾಯ. ಹೀಗಾಗಿ ಅದನ್ನು ಜನಸಾಮಾನ್ಯರಿಗೆ ಮಾರುವಂತಿಲ್ಲ.

ಇಲಿಯ ವಿಷಯದಲ್ಲಿ ಪಾಠ ನಿಧಾನವಾಗಿ ಬಂತು. ಸತುವಿನ ಫಾಸ್ಫೈಡ್ ಬೆರೆಸಿದ ತಿನಿಸು ತಿಂದು ಬದುಕುಳಿದ ಇಲಿ ಮತ್ತೆ ಅದಕ್ಕೆ ಬಾಯಿ ಹಾಕದು. ಆದ್ದರಿಂದ ಮೊದಲ ದಿನಗಳಲ್ಲಿ ವಿಷವಿಲ್ಲದ ತಿನಿಸಿಟ್ಟು ರೂಢಿ ಮಾಡಿಸಬೇಕು. ಬ್ರೊಮಾಡಿಯೊಲೋನ್ ಎಂಬ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡಿ ಕೆಲವು ದಿನ ತಡೆದು ಕೊಲ್ಲುವುದರಿಂದ ಇಲಿಗೆ ತಿನಿಸಿನ ಮೇಲೆ ಸಂಶಯ ಬರುವುದಿಲ್ಲ.